ತೆಂಗಿನ ತೋಟದ ಕಾಣದ ಕಾವಲುಗಾರರು

ತಿಪಟೂರು ಮಾರುಕಟ್ಟೆಯಲ್ಲಿ 2023ರಲ್ಲಿ ಕ್ವಿಂಟಲಿಗೆ ಎಂಟು ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಿದ್ದ ಉಂಡೆ ಕೊಬ್ಬರಿಯ ಧಾರಣೆ 2025ರ ನಡುಭಾಗದ ಹೊತ್ತಿಗೆ 25 ಸಾವಿರದ ಗಡಿ ದಾಟಿತು. ಎರಡೇ ವರ್ಷಗಳಲ್ಲಿ ಮೂರು ಪಟ್ಟು ಏರಿಕೆ. ಬೆಳೆಗಾರ ಹಿಗ್ಗಬೇಕಾದ ಸುದ್ದಿಯಿದು. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅನೇಕ ರೈತರಿಗೆ ಈ ಸುದ್ದಿಯ ಸವಿ ದಕ್ಕಲಿಲ್ಲ. ಧಾರಣೆ ಏರಿದ್ದಕ್ಕೆ ಒಂದು ಮುಖ್ಯ ಕಾರಣವೇ ಅಟ್ಟದ ಮೇಲೆ ಕಾಯಿ ಇಲ್ಲದಿದ್ದುದು.

ಕಾಯಿ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಗೆ ಮೊದಲು ಸಿಗುವ ಉತ್ತರ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಬರದ ಪೆಟ್ಟು ತೆಂಗಿಗೆ ತಡವಾಗಿ ತಟ್ಟುತ್ತದೆ, ತಡವಾಗಿಯೇ ಬಿಡುತ್ತದೆ. ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿ, ಅದು ಹೊರಬಂದು ಬಿರಿಯಲು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಿರಿದ ಹೊಂಬಾಳೆಯಲ್ಲಿ ಕಾಯಿ ಬಲಿಯಲು ಇನ್ನೊಂದು ವರ್ಷ. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯಿ ಅಟ್ಟದ ಮೇಲೆ ಮತ್ತೆ ಎಂಟು ಹತ್ತು ತಿಂಗಳು ಒಣಗಬೇಕು. ಹೀಗಾಗಿ ಇಂದಿನ ಧಾರಣೆಯಲ್ಲಿ ನಾವು ಓದುತ್ತಿರುವುದು ಇಂದಿನ ತೋಟದ ಸ್ಥಿತಿಯನ್ನಲ್ಲ, ಹಲವು ವರ್ಷಗಳ ಹಿಂದಿನ ತೋಟದ ಚರಿತ್ರೆಯನ್ನು.

ಆದರೆ ಬರವೊಂದೇ ಕಾರಣವಲ್ಲ. ಕಪ್ಪುತಲೆ ಹುಳು, ನುಸಿ, ಬಿಳಿ ನೊಣ, ಕಾಂಡದಿಂದ ರಸ ಸೋರುವ ರೋಗ, ಅಣಬೆ ರೋಗ ಎಲ್ಲವೂ ಸೇರಿ ಕಲ್ಪತರು ನಾಡಿನ ಇಳುವರಿಯನ್ನು ಕಿತ್ತುಕೊಂಡಿವೆ. ಬೆಲೆ ಬಿದ್ದಾಗ ನಾವು ಬೆಂಬಲ ಬೆಲೆಯ ಮಾತನಾಡುತ್ತೇವೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ 12,100 ರೂಪಾಯಿ ನಿಗದಿಪಡಿಸಿತು. ಬೆಲೆಗೆ ಇಂತಹದೊಂದು ಆಸರೆ ಇರುವುದು ನ್ಯಾಯವೇ. ಆದರೆ ಕಾಯಿಯ ಬೆಲೆಯನ್ನು ಕಾಯುವುದಕ್ಕೆ ವ್ಯವಸ್ಥೆಯಿರುವಷ್ಟು ಕಾಯಿಯನ್ನೇ ಕಾಯುವ ಜೀವಿಗಳಿಗೆ ನಮ್ಮ ಲೆಕ್ಕದಲ್ಲಿ ಜಾಗವಿಲ್ಲ. ಆ ಜೀವಿಗಳು ಯಾವುವು, ಅವುಗಳನ್ನು ಕಳೆದುಕೊಂಡರೆ ಏನಾಗುತ್ತದೆ, ಅವುಗಳನ್ನು ಉಳಿಸುವ ಹೊಣೆ ಯಾರದು ಎಂಬುದನ್ನು ವಿಚಾರ ಮಾಡುವುದು ಅಗತ್ಯ.

ಸುಟ್ಟಂತೆ ಕಾಣುವ ತೋಟ

ಪೀಡೆ ಹೆಚ್ಚಿದ ವರ್ಷಗಳ ಬೇಸಿಗೆಯಲ್ಲಿ ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ, ಅಥವಾ ಕಿಬ್ಬನಹಳ್ಳಿಯಿಂದ ತುರುವೇಕೆರೆಯ ಕಡೆಗೆ ಹೋಗುವವರಿಗೆ ಕೆಲವು ತೋಟಗಳು ಬೆಂಕಿ ತಗುಲಿದಂತೆ ಕಾಣುತ್ತವೆ. ಬೆಂಕಿ ಬಿದ್ದಿರುವುದಿಲ್ಲ. ಅದು ಕಪ್ಪುತಲೆ ಹುಳುವಿನ ಕೆಲಸ. ಒಂದು ಸಾಧಾರಣ ಬೂದು ಪತಂಗ ಕೆಳಗಿನ ಹಳೆಯ ಗರಿಗಳ ಮೇಲೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳುಗಳು ಗರಿಯ ಅಡಿಭಾಗದಲ್ಲಿ ತಮ್ಮದೇ ನೂಲು ಮತ್ತು ಹಿಕ್ಕೆಯಿಂದ ಸುರಂಗ ಕಟ್ಟಿಕೊಂಡು, ಒಳಗೆ ಕುಳಿತು ಹಸಿರನ್ನು ಕೆರೆದು ತಿನ್ನುತ್ತವೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಎರಡು ತಿಂಗಳು. ಅಂದರೆ ವರ್ಷದಲ್ಲಿ ಹಲವು ತಲೆಮಾರು. ಬೇಸಿಗೆಯ ಒಣ ಹವೆ ಅದಕ್ಕೆ ಹಬ್ಬ.

ಈ ಹುಳುವಿನಿಂದ ಮರ ಸಾಮಾನ್ಯವಾಗಿ ಸಾಯುವುದಿಲ್ಲ, ಬಡವಾಗುತ್ತದೆ. ಹಸಿರು ಕಳೆದುಕೊಂಡ ಗರಿ ಆಹಾರ ತಯಾರಿಸಲಾರದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನದ ಪ್ರಕಾರ, ತೀವ್ರ ಬಾಧೆಗೆ ತುತ್ತಾದ ಮರಗಳಲ್ಲಿ ಮರುವರ್ಷದ ಕಾಯಿ ಇಳುವರಿ ಶೇ 45ರಷ್ಟು ಕಡಿಮೆಯಾಗಬಹುದು. ಕೆಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ, ಹೊಸ ಗರಿ ಬರಬೇಕು. ಆರೋಗ್ಯವಂತ ಮರ ತಿಂಗಳಿಗೊಂದರಂತೆ ಗರಿ ಬಿಡುತ್ತದೆ, ಅದರ ತಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಗರಿಗಳಿರುತ್ತವೆ. ಎಂದರೆ ಒಂದು ಬೇಸಿಗೆಯಲ್ಲಿ ಹಾಳಾದ ತಲೆ ಪೂರ್ತಿ ಹೊಸದಾಗಲು ಎರಡೂವರೆ ಮೂರು ವರ್ಷ ಬೇಕು.

ಹಾಗಿದ್ದರೆ ಈ ಹುಳು ಪ್ರತಿವರ್ಷ, ಪ್ರತಿ ತೋಟದಲ್ಲಿ ಏಕೆ ಹೀಗೆ ಅಬ್ಬರಿಸುವುದಿಲ್ಲ? ಉತ್ತರ ಗರಿಯ ಅಡಿಯಲ್ಲೇ ಇದೆ. ಗೋನಿಯೋಜಸ್ ಎಂಬ ಒಂದು ಪುಟ್ಟ ಕಪ್ಪು ಕಣಜವಿದೆ. ನೋಡಿದವರು ಇರುವೆಯೆಂದೇ ತಿಳಿಯುತ್ತಾರೆ, ಉದ್ದ ಕೆಲವೇ ಮಿಲಿಮೀಟರ್. ಹೆಣ್ಣು ಕಣಜ ಸುರಂಗದೊಳಗೆ ನುಗ್ಗಿ, ಬೆಳೆದ ಹುಳುವನ್ನು ಕುಟುಕಿ ನಿಶ್ಚಲಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಗಳು ಹುಳುವನ್ನು ಹೀರಿ ಮುಗಿಸುತ್ತವೆ. ಕೀಟಲೋಕದಲ್ಲಿ ಅಪರೂಪವೆಂಬಂತೆ, ಮರಿಗಳು ಗೂಡು ನೇಯುವವರೆಗೆ ತಾಯಿ ಪಕ್ಕದಲ್ಲೇ ಕಾವಲಿರುತ್ತದೆ. ಕಣಜದ ಒಂದು ತಲೆಮಾರು ಎರಡು ವಾರದೊಳಗೆ ಮುಗಿಯುತ್ತದೆ. ಹುಳುವಿನ ಒಂದು ತಲೆಮಾರಿನ ಅವಧಿಯಲ್ಲಿ ಕಣಜ ನಾಲ್ಕು ತಲೆಮಾರು ಮುಗಿಸಬಲ್ಲದು ಎಂಬಲ್ಲಿ ಅದರ ಬಲವಿದೆ.

ಇದು ಒಂಟಿ ಕಾವಲುಗಾರನೂ ಅಲ್ಲ. ಬ್ರಾಕಾನ್ ಎಂಬ ಇನ್ನೊಂದು ಕಣಜ ಮರಿಹುಳುವಿನ ಮೇಲೆಯೇ ಎರಗುತ್ತದೆ. ಎಲಾಸ್ಮಸ್ ಎಂಬುದು ಕೋಶಾವಸ್ಥೆಗೆ ಹೊರಟ ಹುಳುವನ್ನು, ಬ್ರಾಕಿಮೇರಿಯ ಎಂಬುದು ಕೋಶವನ್ನೇ ಹಿಡಿಯುತ್ತದೆ. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಹುಳುಗಳ ಮೇಲೆ ಗೋನಿಯೋಜಸ್ ಬೆಳೆಸಿ ರೈತರಿಗೆ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ತಜ್ಞರ ಶಿಫಾರಸು ಸರಳ. ಮೊದಲು ಹುಳು ತುಂಬಿದ ಕೆಳಗರಿಗಳನ್ನು ಎರಡು ಮೂರು ಕತ್ತರಿಸಿ ಸುಡಬೇಕು, ಬಳಿಕ ಹುಳುವಿನ ಯಾವ ಹಂತ ತೋಟದಲ್ಲಿ ಹೆಚ್ಚಿದೆಯೋ ಅದಕ್ಕೆ ತಕ್ಕ ಕಣಜವನ್ನು ಬಿಡಬೇಕು. ನೂರು ಬೆಳೆದ ಹುಳುಗಳಿಗೆ 20 ಗೋನಿಯೋಜಸ್, ಕೋಶಕ್ಕೆ ಹೊರಟ ನೂರಕ್ಕೆ 49 ಎಲಾಸ್ಮಸ್, ನೂರು ಕೋಶಗಳಿಗೆ 32 ಬ್ರಾಕಿಮೇರಿಯ ಎಂದು ಲೆಕ್ಕವೂ ಸಿದ್ಧವಾಗಿದೆ.

ಕಡಲ ತಳದ ಪಾಠ

ತಿನ್ನುವ ಜೀವಿಯನ್ನು ತಿನ್ನುವ ಇನ್ನೊಂದು ಜೀವಿ ಇಲ್ಲವಾದರೆ ಕಾಡು ಏನಾಗುತ್ತದೆ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟ ಅಧ್ಯಯನ ನಡೆದದ್ದು ತೋಟದಲ್ಲಲ್ಲ, ಕಡಲಿನಲ್ಲಿ. ಉತ್ತರ ಪೆಸಿಫಿಕ್ ಸಾಗರದ ತಣ್ಣನೆಯ ಕರಾವಳಿಗಳಲ್ಲಿ ಕೆಲ್ಪ್ ಎಂಬ ಕಂದು ಬಣ್ಣದ ದೈತ್ಯ ಪಾಚಿ ತಳದ ಬಂಡೆಗಳನ್ನು ಹಿಡಿದುಕೊಂಡು ಮೇಲ್ಮೈವರೆಗೆ ಬೆಳೆಯುತ್ತದೆ. ಅದರ ಕೆಲವು ಬಗೆಗಳು ಎತ್ತರದಲ್ಲಿ ತೆಂಗಿನ ಮರವನ್ನೂ ಮೀರಿಸುತ್ತವೆ. ನೀರೊಳಗಿನ ಈ ಕಾಡಿನ ನೆರಳಲ್ಲಿ ಮೀನು, ಏಡಿ, ಸೀಗಡಿಗಳ ಸಂಸಾರವೇ ನಡೆಯುತ್ತದೆ. ಈ ಪಾಚಿಯನ್ನು ಬುಡದಲ್ಲೇ ಕಡಿದು ತಿನ್ನುವ ಜೀವಿ ಸೀ ಅರ್ಚಿನ್. ಮೈತುಂಬ ಮುಳ್ಳಿರುವ ಚೆಂಡಿನಂತಹ ಇದನ್ನು ಮುಳ್ಳುಚೆಂಡು ಎನ್ನೋಣ. ಈ ಮುಳ್ಳುಚೆಂಡನ್ನು ಒಡೆದು ತಿನ್ನುವುದು ಕಡಲ ನೀರುನಾಯಿ. ನಮ್ಮ ತುಂಗಭದ್ರೆ, ಕಾವೇರಿಗಳಲ್ಲಿರುವ ನೀರುನಾಯಿಯ ದಾಯಾದಿ ಇದು. ತುಂಗಭದ್ರೆಯ ನೀರುನಾಯಿಗಳಿಗಾಗಿ ಕರ್ನಾಟಕ ಸರ್ಕಾರ 2015ರಲ್ಲಿ ಮೀಸಲು ಪ್ರದೇಶವನ್ನೇ ಘೋಷಿಸಿದ್ದನ್ನು ಓದುಗರು ಬಲ್ಲರು. ಕಡಲ ನೀರುನಾಯಿಗೆ ತಿಮಿಂಗಿಲದಂತೆ ಕೊಬ್ಬಿನ ಹೊದಿಕೆಯಿಲ್ಲ. ಚಳಿ ತಡೆಯಲು ಅದು ದಟ್ಟ ತುಪ್ಪಳವನ್ನೂ ಬಿಡುವಿಲ್ಲದ ಊಟವನ್ನೂ ನಂಬಿದೆ. ದಿನವೊಂದಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುತ್ತದೆ.

ಆ ತುಪ್ಪಳವೇ ಅದಕ್ಕೆ ಮುಳುವಾಯಿತು. 1741ರ ಬೇರಿಂಗ್ ಯಾತ್ರೆಯ ನಂತರ ಆರಂಭವಾದ ತುಪ್ಪಳದ ವ್ಯಾಪಾರ ಸುಮಾರು 170 ವರ್ಷಗಳಲ್ಲಿ ಲಕ್ಷಕ್ಕೂ ಮೀರಿದ್ದ ಸಂತತಿಯನ್ನು ಒಂದೆರಡು ಸಾವಿರಕ್ಕೆ ಇಳಿಸಿತು. 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆಗೆ ತಡೆ ಹಾಕಿತು. ನೀರುನಾಯಿಗಳು ಕೆಲವು ದ್ವೀಪಗಳಲ್ಲಿ ಚೇತರಿಸಿಕೊಂಡವು, ಕೆಲವಕ್ಕೆ ಮರಳಿ ಬರಲೇ ಇಲ್ಲ. ಈ ವ್ಯತ್ಯಾಸವನ್ನೇ ಪ್ರಯೋಗವಾಗಿ ಬಳಸಿಕೊಂಡವರು ಜೇಮ್ಸ್ ಎಸ್ಟೆಸ್ ಮತ್ತು ಜಾನ್ ಪಾಲ್ಮಿಸಾನೊ. 1974ರಲ್ಲಿ ಪ್ರಕಟವಾದ ಅವರ ಲೇಖನ ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳನ್ನು ಹೋಲಿಸಿತು. ನೀರುನಾಯಿ ಇದ್ದ ದ್ವೀಪದ ಸುತ್ತ ಕೆಲ್ಪ್ ಕಾಡು ದಟ್ಟವಾಗಿತ್ತು, ಮುಳ್ಳುಚೆಂಡುಗಳು ಸಣ್ಣವಾಗಿ, ವಿರಳವಾಗಿದ್ದವು. ನೀರುನಾಯಿ ಇಲ್ಲದ ದ್ವೀಪದ ಸುತ್ತ ಬರಿ ಬಂಡೆ, ಅದರ ಮೇಲೆ ಮುಳ್ಳುಚೆಂಡುಗಳ ಹಾಸು. ಇದಕ್ಕೆ ಕೆಲವೇ ವರ್ಷ ಮೊದಲು, 1969ರಲ್ಲಿ, ರಾಬರ್ಟ್ ಪೇನ್ ಎಂಬ ವಿಜ್ಞಾನಿ ಇಂತಹ ಜೀವಿಗಳನ್ನು ಕಮಾನಿನ ನಡುಗಲ್ಲಿಗೆ ಹೋಲಿಸಿದ್ದರು. ಗಾತ್ರದಲ್ಲಿ ಆ ಕಲ್ಲು ಉಳಿದವುಗಳಂತೆಯೇ ಇರುತ್ತದೆ, ಆದರೆ ಅದನ್ನು ತೆಗೆದರೆ ಕಮಾನು ನಿಲ್ಲುವುದಿಲ್ಲ.

ಗೋನಿಯೋಜಸ್ ಕಣಜಕ್ಕೂ ನೀರುನಾಯಿಗೂ ವ್ಯತ್ಯಾಸಗಳಿವೆ. ನೀರುನಾಯಿ ಏಡಿ, ಚಿಪ್ಪುಜೀವಿ ಮೊದಲಾಗಿ ಹಲವನ್ನು ತಿನ್ನುತ್ತದೆ. ಕಣಜಕ್ಕೆ ಹುಳುವೇ ಗತಿ. ಹುಳು ತೀರ ಕಡಿಮೆಯಾದರೆ ಕಣಜವೂ ಕಡಿಮೆಯಾಗುತ್ತದೆ, ಮುಂದೆ ಹುಳು ಹೆಚ್ಚಿದಾಗ ಕಣಜ ಹಿಂದೆ ಬೀಳುತ್ತದೆ. ಆ ಅಂತರದ ಕೆಲವು ವಾರಗಳಲ್ಲಿಯೇ ತೋಟ ಸುಡುತ್ತದೆ. ಪ್ರಯೋಗಾಲಯದಲ್ಲಿ ಕಣಜ ಬೆಳೆಸಿ ಬಿಡುವುದರ ಉದ್ದೇಶ ಈ ಅಂತರವನ್ನು ತುಂಬುವುದು. ಮೂಲತತ್ವ ಮಾತ್ರ ಎರಡೂ ಕಡೆ ಒಂದೇ. ಹಸಿರಿನ ಉಳಿವು ನಿಂತಿರುವುದು ಹಸಿರನ್ನು ಮುಟ್ಟದ ಮೂರನೆಯವನ ಮೇಲೆ.

ಕಾಯುವುದು ಅಗ್ಗ, ಕಟ್ಟುವುದು ದುಬಾರಿ

ನೀರುನಾಯಿಯ ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸುಂದರ ನೀತಿಕಥೆಯಾಗಿ ಉಳಿಯುತ್ತಿತ್ತು. ಮುಂದಿನ ಅಧ್ಯಯನಗಳು ಅದನ್ನು ಇನ್ನಷ್ಟು ಉಪಯುಕ್ತಗೊಳಿಸಿವೆ. 1998ರಲ್ಲಿ ಎಸ್ಟೆಸ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, 1990ರ ದಶಕದಲ್ಲಿ ಹಂತಕ ತಿಮಿಂಗಿಲಗಳು ನೀರುನಾಯಿಗಳನ್ನು ಹಿಡಿದು ತಿನ್ನತೊಡಗಿದಾಗ ಅಲ್ಯೂಷಿಯನ್ನಿನ ಕೆಲ್ಪ್ ಕಾಡುಗಳು ಮತ್ತೆ ಕುಸಿದವು. ಒಮ್ಮೆ ಚೇತರಿಸಿಕೊಂಡದ್ದು ಸದಾ ಹಾಗೆಯೇ ಇರುತ್ತದೆ ಎನ್ನುವಂತಿಲ್ಲ. ಕಾವಲುಗಾರ ಹೋದ ಕೆಲವೇ ವರ್ಷಗಳಲ್ಲಿ ಕಾಡೂ ಹೋಯಿತು.

ಇನ್ನೂ ಮುಖ್ಯವಾದುದು ಕ್ಯಾಲಿಫೋರ್ನಿಯದ ಅನುಭವ. ಅಲ್ಲಿ ಮುಳ್ಳುಚೆಂಡನ್ನು ತಿನ್ನುವ ಇನ್ನೊಂದು ಜೀವಿಯಾದ ಸೂರ್ಯಕಾಂತಿ ನಕ್ಷತ್ರಮೀನು 2013ರಲ್ಲಿ ಆರಂಭವಾದ ರೋಗದಿಂದ ನಾಶವಾಯಿತು. 2014ರಿಂದ 2016ರವರೆಗೆ ಕಡಲು ಅಸಹಜವಾಗಿ ಬಿಸಿಯಾಯಿತು. ನೀರುನಾಯಿಗಳಿಲ್ಲದ ಉತ್ತರ ಕ್ಯಾಲಿಫೋರ್ನಿಯದಲ್ಲಿ ಕೆಲ್ಪ್ ಕಾಡಿನ ಶೇ 90ಕ್ಕೂ ಹೆಚ್ಚು ಭಾಗ ಅಳಿಯಿತು. ನೀರುನಾಯಿಗಳಿರುವ ಮಾಂಟೆರೆಯಲ್ಲಿ ಕಾಡು ತುಂಡು ತುಂಡಾಗಿಯಾದರೂ ಉಳಿಯಿತು. ಅಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲಕರ ಸಂಗತಿಯನ್ನು ಹೊರಗೆಡಹಿತು. ನೀರುನಾಯಿಗಳು ಮುಳ್ಳುಚೆಂಡುಗಳನ್ನು ತಿಂದದ್ದು ಉಳಿದಿದ್ದ ಕಾಡಿನ ತುಂಡುಗಳಲ್ಲಿ. ಬಂಜರಾದ ಬಂಡೆಗಳ ಮೇಲೆ ಹಸಿದು ಬಡವಾಗಿದ್ದ ಮುಳ್ಳುಚೆಂಡುಗಳ ಹೊಟ್ಟೆಯಲ್ಲಿ ತಿನ್ನಲು ಏನೂ ಇಲ್ಲದ್ದರಿಂದ ಅವನ್ನು ಮುಟ್ಟಲಿಲ್ಲ. ಅಂದರೆ ನೀರುನಾಯಿ ಉಳಿದ ಕಾಡನ್ನು ಕಾಯುತ್ತದೆ. ಹಾಳಾದ ಕಾಡನ್ನು ಅದೊಂದೇ ಮರಳಿ ಕಟ್ಟಿಕೊಡುವುದಿಲ್ಲ. ಆದರೆ ಉಳಿದ ಆ ತುಂಡುಗಳೇ ಮುಂದಿನ ಕಾಡಿಗೆ ಬೀಜದ ಕಣಜ.

ಈ ಭೇದವನ್ನು ನಮ್ಮ ತೆಂಗಿನ ಸೀಮೆ ಮನನ ಮಾಡಿಕೊಳ್ಳಬೇಕು. ಗರಿಗಳು ಕಂದಿ, ತೋಟವೆಲ್ಲ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಕಣಜದ ಡಬ್ಬಿಗಾಗಿ ಕಚೇರಿಗೆ ಓಡುವುದು ನಮ್ಮ ವಾಡಿಕೆ. ಆ ಹೊತ್ತಿಗೆ ಕಣಜ ಬಿಟ್ಟರೆ ಹುಳು ಇಳಿಯಬಹುದು, ಹೋದ ಹಸಿರು ಮರಳದು. ಮರ ತನ್ನ ತಲೆಯನ್ನು ಗರಿಗರಿಯಾಗಿ ಮತ್ತೆ ಕಟ್ಟಿಕೊಳ್ಳಬೇಕು, ಅದಕ್ಕೆ ನೀರು ಬೇಕು, ಗೊಬ್ಬರ ಬೇಕು, ವರ್ಷಗಳು ಬೇಕು. ಕಾವಲಿನ ಬೆಲೆ ಇರುವುದು ಕಳ್ಳ ಬರುವ ಮೊದಲು.

ಎರಡು ಪಿಡುಗು, ಎರಡು ದಾರಿ

ಈ ಸೀಮೆ ಕಳೆದ ಮೂರು ದಶಕಗಳಲ್ಲಿ ಹೊರಗಿನಿಂದ ಬಂದ ಎರಡು ಪಿಡುಗುಗಳನ್ನು ಕಂಡಿದೆ. ಮೊದಲನೆಯದು ನುಸಿ. 1965ರಲ್ಲಿ ಮೆಕ್ಸಿಕೊದಿಂದ ಮೊದಲು ವರ್ಣಿತವಾದ, ಕಣ್ಣಿಗೆ ಕಾಣದ ಈ ಜೀವಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಪತ್ತೆಯಾಯಿತು, ಬಹುಬೇಗ ಕರ್ನಾಟಕಕ್ಕೂ ಹರಡಿತು. ಎಳೆಗಾಯಿಯ ತೊಟ್ಟಿನ ಎಸಳುಗಳ ಅಡಿ ಅಡಗಿ ರಸ ಹೀರುವ ಅದರಿಂದ ಕಾಯಿ ಸಣ್ಣದಾಯಿತು, ಸಿಪ್ಪೆ ಬಿರಿದು ಗಡುಸಾಯಿತು. ಸಿಪ್ಪೆ ಸುಲಿಯುವವರೂ ಅದನ್ನು ಶಪಿಸಿದರು. ಅಂದು ಮುಖ್ಯವಾಗಿ ಹೊಳೆದ ದಾರಿ ಔಷಧ. ಮೋನೋಕ್ರೋಟೋಫಾಸ್ ಎಂಬ ಉಗ್ರ ವಿಷವನ್ನು ಬೇರಿನ ಮೂಲಕ ಮರಕ್ಕೆ ಉಣಿಸುವ ಪದ್ಧತಿ ಬಳಕೆಗೆ ಬಂತು. ಉಣಿಸಿದ ಮೇಲೆ 45 ದಿನ ಕಾಯಿ ಕೀಳಬಾರದು ಎಂಬ ಎಚ್ಚರಿಕೆಯೇ ಆ ವಿಷದ ಸ್ವರೂಪವನ್ನು ಹೇಳುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಶೇ 36ರ ದ್ರವರೂಪದ ಮೋನೋಕ್ರೋಟೋಫಾಸ್ ಅನ್ನು ನಿಷೇಧಿಸಿತು. ನುಸಿ ಹೋಗಲಿಲ್ಲ. ಆದರೆ ಅದೇ ತೊಟ್ಟಿನಡಿಯಲ್ಲಿ ಈ ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳೂ ಇವೆ, ಅದಕ್ಕೆ ರೋಗ ತರುವ ಶಿಲೀಂಧ್ರವೂ ಇದೆ ಎಂಬುದನ್ನು ವಿಜ್ಞಾನಿಗಳು ಗುರುತಿಸಿದರು.

ಎರಡನೆಯದು ಸುರುಳಿಯಾಕಾರದಲ್ಲಿ ಮೊಟ್ಟೆಯಿಡುವ ಬಿಳಿ ನೊಣ. ಮಧ್ಯ ಅಮೆರಿಕ ಮೂಲದ ಇದು ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಗರಿಯಡಿ ರಸ ಹೀರಿ ಅದು ಸುರಿಸುವ ಅಂಟು ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆದು ಮರವೆಲ್ಲ ಮಸಿ ಬಳಿದಂತಾಗುತ್ತದೆ. ಈ ಬಾರಿ ವಿಜ್ಞಾನಿಗಳ ಸಲಹೆ ಬೇರೆಯಾಗಿತ್ತು. ನೊಣದ ಜೊತೆಯಲ್ಲಿಯೇ ಎನ್‌ಕಾರ್ಸಿಯ ಎಂಬ ಸೂಕ್ಷ್ಮ ಕಣಜವೂ ಕಾಣಿಸಿಕೊಂಡಿತ್ತು. ಔಷಧ ಹೊಡೆಯದಿದ್ದ ತೋಟಗಳಲ್ಲಿ ಅದು ನೊಣದ ಮರಿಗಳ ಬಹುಭಾಗವನ್ನು ನಾಶ ಮಾಡಬಲ್ಲದೆಂದು ಕಂಡುಬಂತು. ಔಷಧ ಹೊಡೆದರೆ ಮೊದಲು ಸಾಯುವುದು ಈ ಕಣಜ, ನೊಣ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ರಾಸಾಯನಿಕ ಬೇಡ, ನೀರು ರಭಸವಾಗಿ ಸಿಂಪಡಿಸಿ, ಬೇವಿನೆಣ್ಣೆ ಬಳಸಿ, ಕಣಜವಿರುವ ಗರಿಯನ್ನು ಇಲ್ಲದ ತೋಟಕ್ಕೆ ಒಯ್ದು ಕಟ್ಟಿ ಎಂಬುದು ಸಲಹೆಯ ಸಾರ.

ಸಲಹೆ ಸರಿಯಾಗಿದ್ದರೂ ಪಾಲನೆ ಸುಲಭವಲ್ಲ. ಬಾಧೆ ಕಂಡಾಗ ಸುಮ್ಮನಿರುವುದು ಯಾವ ರೈತನಿಗೂ ಕಷ್ಟ. ಧಾರಣೆ ಏರಿರುವಾಗ ಅದು ಇನ್ನೂ ಕಷ್ಟ. ಕಾಯಿಯೊಂದರ ಬೆಲೆ ಹೆಚ್ಚಿದಷ್ಟೂ ಔಷಧಕ್ಕೆ ಹಣ ಸುರಿಯುವುದು ಲಾಭದಾಯಕವೆನಿಸುತ್ತದೆ. ಧಾರಣೆ ಬಿದ್ದಾಗ ತೋಟದ ಕಡೆ ತಿರುಗಿ ನೋಡುವುದೇ ನಷ್ಟವೆನಿಸುತ್ತದೆ, ಹುಳು ತುಂಬಿದ ಗರಿ ಕಡಿಸಲು ಕೂಲಿ ಕೊಡುವವರಿರುವುದಿಲ್ಲ. ಎರಡು ಸ್ಥಿತಿಯಲ್ಲೂ ಪೆಟ್ಟು ತಿನ್ನುವುದು ಕಾವಲುಗಾರ ಜೀವಿಯೇ.

ಲೆಕ್ಕಕ್ಕೆ ಸಿಗದ ಲಾಭ

ಇದು ರೈತರ ತಿಳಿವಳಿಕೆಯ ಕೊರತೆಯಲ್ಲ, ಅರ್ಥಶಾಸ್ತ್ರದ ಹಳೆಯ ಸಮಸ್ಯೆ. ಕಣಜಕ್ಕೆ ಸರ್ವೆ ನಂಬರು ಗೊತ್ತಿಲ್ಲ. ಒಬ್ಬ ರೈತ ತನ್ನ ತೋಟದಲ್ಲಿ ಬಿಟ್ಟ ಕಣಜ ಪಕ್ಕದವನ ಹುಳುವನ್ನೂ ಹಿಡಿಯುತ್ತದೆ. ಪಕ್ಕದವನು ಹೊಡೆದ ಔಷಧ ಇವನ ಕಣಜವನ್ನೂ ಕೊಲ್ಲುತ್ತದೆ. ಪಾಳು ಬಿಟ್ಟ ಮೂರನೆಯ ತೋಟದಿಂದ ಪತಂಗ ಎಲ್ಲರಲ್ಲಿಗೂ ಹಾರಿಬರುತ್ತದೆ. ಖರ್ಚು ಒಬ್ಬನದು, ಲಾಭ ಊರಿನದು ಎಂಬ ಇಂತಹ ಕೆಲಸವನ್ನು ಮಾರುಕಟ್ಟೆ ತಾನಾಗಿ ಮಾಡುವುದಿಲ್ಲ. ಔಷಧದ ಬಾಟಲಿಗೆ ಅಂಗಡಿಯಿದೆ, ಕಮಿಷನ್ ಇದೆ, ಜಾಹೀರಾತಿದೆ. ತಾನೇ ಹಾರಿ ಹೋಗಿ ಪುಕ್ಕಟೆ ದುಡಿಯುವ ಕಣಜಕ್ಕೆ ಏಜೆಂಟರು ಹುಟ್ಟುವುದಿಲ್ಲ.

ಲಾಭನಷ್ಟಗಳು ಬೇರೆ ಬೇರೆಯವರ ಪಾಲಾಗುವ ಸಮಸ್ಯೆ ನೀರುನಾಯಿಯ ವಿಷಯದಲ್ಲೂ ಎದ್ದಿತ್ತು. ಕೆನಡಾದ ವ್ಯಾಂಕೂವರ್ ದ್ವೀಪದ ಕರಾವಳಿಗೆ 1969ರಿಂದ 1972ರ ನಡುವೆ ಅಲಾಸ್ಕದಿಂದ 89 ನೀರುನಾಯಿಗಳನ್ನು ತಂದು ಬಿಡಲಾಯಿತು. ಅವು ಹೆಚ್ಚಿದಂತೆ ಏಡಿ, ಚಿಪ್ಪುಜೀವಿ, ಮುಳ್ಳುಚೆಂಡು ಹಿಡಿದು ಬದುಕುವವರಿಗೆ ಹೊಡೆತ ಬಿತ್ತು. 2020ರಲ್ಲಿ ಪ್ರಕಟವಾದ ಅಧ್ಯಯನ ಎರಡೂ ಬದಿಯ ಲೆಕ್ಕ ಹಾಕಿತು. ಅವರ ನಷ್ಟ ವರ್ಷಕ್ಕೆ ಸುಮಾರು 70 ಲಕ್ಷ ಕೆನಡಾ ಡಾಲರ್. ಮರಳಿದ ಕೆಲ್ಪ್ ಕಾಡಿನಿಂದ ಮೀನುಗಾರಿಕೆ, ಪ್ರವಾಸೋದ್ಯಮ, ಇಂಗಾಲದ ಹಿಡಿತ ಸೇರಿ ಒಟ್ಟು ಲಾಭ ಸುಮಾರು 5.3 ಕೋಟಿ ಡಾಲರ್. ಲಾಭ ಏಳು ಪಟ್ಟು ಹೆಚ್ಚು. ಆದರೆ ಲಾಭ ಪಡೆಯುವವರು ಬೇರೆ, ಕಳೆದುಕೊಳ್ಳುವವರು ಬೇರೆ. ಆ ನಡುವಿನ ನ್ಯಾಯವನ್ನು ನೀರುನಾಯಿ ಮಾಡಲಾರದು, ಸರ್ಕಾರ ಮಾಡಬೇಕು.

ನಮ್ಮಲ್ಲಿ ಇಂತಹ ಹೊಣೆಯನ್ನು ಸರ್ಕಾರ ಹೊತ್ತ ಪರಂಪರೆ ಹೊಸದಲ್ಲ. ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬಳಕೆಯನ್ನು ಮಲೆನಾಡಿನ ಬೆಳೆಗಾರರಿಗೆ ಕಲಿಸಿಕೊಟ್ಟರು. ಹತ್ತಿರದ ನಿದರ್ಶನವೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹರಡಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತ್ತು. ಬೆಂಗಳೂರಿನ ಕೇಂದ್ರ ಸಂಸ್ಥೆ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂದು ಹೆಸರಾಗಿರುವುದು, 2010ರಲ್ಲಿ ಪೋರ್ಟೊರಿಕೊದಿಂದ ಮೂರು ಬಗೆಯ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ ಹಂಚಿತು. ಅವುಗಳಲ್ಲೊಂದು ನೆಲೆನಿಂತು ಪಿಡುಗನ್ನು ಹತೋಟಿಗೆ ತಂದಿತು. ಔಷಧದಿಂದ ಆಗದ ಕೆಲಸ ಇದು.

ಆದರೂ ಇಂತಹ ಕೆಲಸಕ್ಕೆ ಕಡತಗಳಲ್ಲಿ ಬೆಲೆ ಕಡಿಮೆ. ಪರಿಹಾರ ಹಂಚಿದರೆ ಫಲಾನುಭವಿಗಳ ಪಟ್ಟಿ ಇರುತ್ತದೆ, ಸಮಾರಂಭವಿರುತ್ತದೆ. ಪೀಡೆ ಬರದಂತೆ ತಡೆದರೆ ತೋರಿಸಲು ಏನೂ ಇರುವುದಿಲ್ಲ. ಮೂರು ವರ್ಷ ಹುಳು ಬರದಿದ್ದರೆ ಪ್ರಯೋಗಾಲಯವೇ ಅನಗತ್ಯವೆಂದು ಆಯವ್ಯಯದಲ್ಲಿ ಕತ್ತರಿ ಬೀಳುವುದು ಸಹಜ. ಯಶಸ್ಸೇ ವೆಚ್ಚ ಕಡಿತಕ್ಕೆ ಕಾರಣವಾಗುವ ವಿಚಿತ್ರ ಇಲಾಖೆಯಿದು. ಕಾವಲುಗಾರನನ್ನು ಅವನು ಹಿಡಿದ ಕಳ್ಳರ ಸಂಖ್ಯೆಯಿಂದಷ್ಟೇ ಅಳೆದರೆ, ಕಳ್ಳತನವೇ ನಡೆಯದ ಊರಿನ ಕಾವಲುಗಾರ ಸಂಬಳ ಕಳೆದುಕೊಳ್ಳುತ್ತಾನೆ.

ಆಗಬೇಕಾದ್ದೇನು?

ಜೈವಿಕ ನಿಯಂತ್ರಣ ಸರ್ವರೋಗಕ್ಕೂ ಮದ್ದಲ್ಲ. ಅಣಬೆ ರೋಗಕ್ಕೆ, ರಸ ಸೋರುವ ರೋಗಕ್ಕೆ ಕಣಜ ಉತ್ತರವಲ್ಲ. ಅಲ್ಲಿ ಮಣ್ಣು, ನೀರು, ಬೇರಿನ ಆರೋಗ್ಯದ ಪ್ರಶ್ನೆಯಿದೆ. ಹೊರದೇಶದ ಜೀವಿಯನ್ನು ತರುವಾಗ ಅತಿ ಎಚ್ಚರವೂ ಬೇಕು. ಫಿಜಿ ದ್ವೀಪಗಳಲ್ಲಿ ತೆಂಗನ್ನು ನಾಶ ಮಾಡುತ್ತಿದ್ದ ಪತಂಗವೊಂದನ್ನು 1925ರಲ್ಲಿ ಮಲಯದಿಂದ ತಂದ ನೊಣ ಕೆಲವೇ ತಿಂಗಳಲ್ಲಿ ಹತೋಟಿಗೆ ತಂದಿತು. ತೆಂಗು ಉಳಿಯಿತು, ಆದರೆ ಆ ಪತಂಗದ ಕುಲವೇ ಅಳಿಯಿತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ನಮ್ಮ ಕಪ್ಪುತಲೆ ಹುಳುವಿನ ಮಟ್ಟಿಗೆ ಅಂತಹ ಆತಂಕವಿಲ್ಲ. ಅದರ ವೈರಿಗಳು ಇಲ್ಲಿಯವೇ. ಅವನ್ನು ಉಳಿಸಿಕೊಂಡು, ಬೇಕಾದಾಗ ಬಲ ತುಂಬಿದರೆ ಸಾಕು.

ಅದಕ್ಕಾಗಿ ಮೊದಲು ಆಗಬೇಕಾದ್ದು ಹತೋಟಿಯ ಘಟಕ ಬದಲಾಗುವುದು. ಒಂಟಿ ತೋಟದ ಬದಲು ಇಡೀ ಊರನ್ನು, ಸಾಧ್ಯವಾದರೆ ಒಂದು ಕೆರೆಯ ಸುತ್ತಲಿನ ಊರುಗಳನ್ನು ಒಂದು ಘಟಕವೆಂದು ಎಣಿಸಬೇಕು. ಎಲ್ಲ ತೋಟಗಳಲ್ಲೂ ಒಂದೇ ವಾರ ಕೆಳಗರಿ ಕಡಿದು, ಒಂದೇ ವಾರ ಕಣಜ ಬಿಡಬೇಕು. ಈ ಕೆಲಸಕ್ಕೆ ತೆಂಗು ಬೆಳೆಗಾರರ ಸಂಘಗಳು, ಗ್ರಾಮ ಪಂಚಾಯಿತಿಗಳು ಸಹಜ ವೇದಿಕೆಗಳು. ಪಾಳು ತೋಟಗಳ ಹೊಣೆಯನ್ನೂ ಅವೇ ಹೊರಬೇಕು.

ಸಮಯವೂ ಬದಲಾಗಬೇಕು. ಮಾರ್ಚ್‌ನಲ್ಲಿ ತೋಟ ಸುಟ್ಟ ಮೇಲೆ ಎಚ್ಚರಗೊಳ್ಳುವುದಕ್ಕಿಂತ ಕಾರ್ತಿಕ, ಮಾರ್ಗಶಿರದ ಹೊತ್ತಿಗೇ ಗರಿ ತಿರುಗಿಸಿ ನೋಡುವ ಸಮೀಕ್ಷೆ ನಡೆಯಬೇಕು. ನೂರು ಹುಳುಗಳಲ್ಲಿ ಎಷ್ಟರ ಮೇಲೆ ಕಣಜ ಕುಳಿತಿದೆ ಎಂಬ ಅಂಕಿಯನ್ನು ಮಳೆಯ ಅಂಕಿಯಂತೆ, ಕೊಬ್ಬರಿ ಧಾರಣೆಯಂತೆ ಹೋಬಳಿವಾರು ಪ್ರಕಟಿಸಬೇಕು. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರಗಳು ಈ ಸೀಮೆಯ ಸಮೀಪದಲ್ಲೇ ಇವೆ. ಅಳೆಯದ ಕಾವಲಿಗೆ ಹಣ ಕೇಳುವುದು ಕಷ್ಟ.

ಹಣದ ಮಾತೂ ಸ್ಪಷ್ಟವಾಗಿರಲಿ. ಪರೋಪಜೀವಿ ಪ್ರಯೋಗಾಲಯಗಳಿಗೆ ಪೀಡೆ ಬಂದ ವರ್ಷ ಮಾತ್ರ ಅನುದಾನ ಎಂಬ ಪದ್ಧತಿ ಬೇಡ. ಪ್ರತಿವರ್ಷ ಮುಂದುವರಿಯುವ ಕಾಯಂ ಹಂಚಿಕೆ ಬೇಕು, ಮಕ್ಕಳ ಲಸಿಕೆಗೆ ಇರುವ ಹಾಗೆ. ಕೊಬ್ಬರಿ ವಹಿವಾಟಿನಿಂದ ಸಂಗ್ರಹವಾಗುವ ಮಾರುಕಟ್ಟೆ ಶುಲ್ಕದ ಒಂದು ಸಣ್ಣ ಪಾಲನ್ನು ಈ ಕೆಲಸಕ್ಕೆ ಮೀಸಲಿಟ್ಟರೆ, ಧಾರಣೆ ಏರಿದ ವರ್ಷ ತಾನಾಗಿಯೇ ಹೆಚ್ಚು ಹಣ ಬರುತ್ತದೆ. ಬೆಂಬಲ ಬೆಲೆಗೆ ಖರ್ಚಾಗುವ ಮೊತ್ತದ ಎದುರು ಇದು ಅಲ್ಪ.

ಇನ್ನು ತೋಟದ ಒಳಗಿನ ಮಾತು. ಬಲಿತ ಕಣಜಕ್ಕೆ ಹೂವಿನ ಮಕರಂದ ಬೇಕು, ಪ್ರಯೋಗಾಲಯದಲ್ಲಿ ಅದಕ್ಕೆ ಜೇನುತುಪ್ಪ ಕೊಡುವುದು ಇದಕ್ಕಾಗಿಯೇ. ಬದುವಿನ ಹೊಂಗೆ, ಬೇಲಿಯ ಹೂಗಿಡ, ಮರದ ನಡುವಿನ ಹುರುಳಿ, ಅಲಸಂದೆ ಇವೆಲ್ಲ ಕಾವಲುಗಾರನ ಅನ್ನದ ತಟ್ಟೆ. ಒಂದು ಎಲೆಯೂ ಉಳಿಯದಂತೆ ಉತ್ತು, ಕಳೆನಾಶಕ ಹೊಡೆದು ಚೊಕ್ಕಟಗೊಳಿಸಿದ ತೋಟ ಕಣ್ಣಿಗೆ ಅಂದವಾಗಿ ಕಾಣಬಹುದು, ಅಲ್ಲಿ ಕಣಜಕ್ಕೆ ಬದುಕಿಲ್ಲ. ಅನಿವಾರ್ಯವಾಗಿ ಔಷಧ ಬಳಸಲೇಬೇಕಾದ ಕಡೆ, ಅದರ ಪ್ರಭಾವ ಇಳಿಯುವವರೆಗೆ ಕೆಲವು ವಾರ ಕಾದು ಕಣಜ ಬಿಡಬೇಕು ಎಂಬ ಶಿಸ್ತನ್ನಾದರೂ ಪಾಲಿಸಬೇಕು.

ತೆಂಗು ಅರವತ್ತು ಎಪ್ಪತ್ತು ವರ್ಷ ಬಾಳುವ ಮರ. ಒಬ್ಬರು ನೆಟ್ಟದ್ದನ್ನು ಮೊಮ್ಮಕ್ಕಳು ಕೀಳುತ್ತಾರೆ. ಆ ಬಾಳಿನಲ್ಲಿ ಧಾರಣೆ ಹತ್ತಾರು ಬಾರಿ ಏರುತ್ತದೆ, ಇಳಿಯುತ್ತದೆ. ಏರಿದಾಗ ಮಾರಲು ಕಾಯಿ ಇರಬೇಕಾದರೆ ಮರದ ತಲೆಯ ಮೇಲೆ ಹಸಿರು ಇರಬೇಕು. ಆ ಹಸಿರನ್ನು ಕಾಯುತ್ತಿರುವ ಜೀವಿ ನಮ್ಮಿಂದ ಸಂಬಳ ಕೇಳುತ್ತಿಲ್ಲ. ವಿಷ ಹಾಕಬೇಡಿ, ಬದುವಿನಲ್ಲಿ ನಾಲ್ಕು ಹೂವು ಉಳಿಸಿ, ಕಷ್ಟಕಾಲದಲ್ಲಿ ಒಂದಿಷ್ಟು ಬಲ ಕಳಿಸಿ ಎಂಬಷ್ಟೇ ಅದರ ಬೇಡಿಕೆ. ಅಷ್ಟನ್ನು ಪೂರೈಸಲು ಊರಿಗೂ ಸರ್ಕಾರಕ್ಕೂ ಸಾಧ್ಯವಿದೆ. ಮುಂದಿನ ಬೇಸಿಗೆಯ ಕೆಲಸ ಈ ವರ್ಷದ ಮಳೆ ನಿಲ್ಲುವಾಗಲೇ ಆರಂಭವಾಗಬೇಕು.